ಕೇಳದೆ ಮಾಡಿದ ಉಪಕಾರ

2020ರ ಜೂನ್ ತಿಂಗಳು. ಕೊರೊನಾ ಕಾಲ. ಮನೆಯಲ್ಲೇ ಕೂತು ಕೂತು ಬೇಸರವಾದಾಗ ನಾನು ಮುಖಕ್ಕೆ ಮಾಸ್ಕ್ ಹಾಕಿಕೊಂಡು ವಾಲ್ನಟ್ ಕ್ರೀಕಿನ ಐರನ್ ಹಾರ್ಸ್ ಟ್ರೇಲಿನಲ್ಲಿ ನಡೆಯಲು ಹೋಗುತ್ತಿದ್ದೆ. ಒಂದು ಕಾಲದಲ್ಲಿ ಇಲ್ಲಿ ರೈಲು ಓಡುತ್ತಿತ್ತು. ಹಳಿ ಕಿತ್ತ ಮೇಲೆ ಅದು ಕಾಲುದಾರಿಯಾಯಿತು, 'ಕಬ್ಬಿಣದ ಕುದುರೆ' ಎಂಬ ಹೆಸರು ಮಾತ್ರ ಉಳಿಯಿತು. ಎದುರಿಗೆ ಮೌಂಟ್ ಡಯಾಬ್ಲೋ, ಬೇಸಿಗೆಗೆ ಒಣಗಿ ಹೊಂಬಣ್ಣಕ್ಕೆ ತಿರುಗಿದ ಗುಡ್ಡಗಳು.

ಆ ತಿಂಗಳು ಅಮೆರಿಕದ ತುಂಬ ಪ್ರತಿಮೆಗಳು ಉರುಳುತ್ತಿದ್ದವು. ಜೂನ್ 19ರಂದು ನಮ್ಮ ಮನೆಯಿಂದ ಗಂಟೆಯ ದಾರಿಯೂ ಇಲ್ಲದ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಪಾದ್ರಿ ಹುನಿಪೆರೊ ಸೆರ್ರಾ ಅವರ ಪ್ರತಿಮೆಯನ್ನು ಜನ ಹಗ್ಗ ಹಾಕಿ ಕೆಡವಿದರು. ಅದೇ ತಿಂಗಳ ಕೊನೆಗೆ ಬೆಂಗಳೂರಿನಿಂದ ತಂಗಿ ವಾಟ್ಸ್ಯಾಪಿನಲ್ಲಿ ಒಂದು ಫೋಟೋ ಕಳಿಸಿದಳು. ಹೈಕೋರ್ಟ್ ಆವರಣದಲ್ಲಿದ್ದ ಮಾರ್ಕ್ ಕಬ್ಬನ್ ಸಾಹೇಬರ ಕುದುರೆ ಸವಾರಿಯ ಪ್ರತಿಮೆಯನ್ನು ಅಲ್ಲಿಂದ ತೆಗೆದು ಕಬ್ಬನ್ ಪಾರ್ಕಿನ ಒಳಗೆ ಸಾಗಿಸಿದ್ದರು. ಕೆಡವಲಿಲ್ಲ, ಒಡೆಯಲಿಲ್ಲ. ಬಾಡಿಗೆದಾರರನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಕಳಿಸಿದ ಹಾಗೆ ಕಳಿಸಿದ್ದರು.

ಸೆರ್ರಾ ಪ್ರತಿಮೆ ಬಿದ್ದ ಸುದ್ದಿ ಓದಿ ನಾನು, 'ಸರಿಯಾಯಿತು ಬಿಡು' ಅಂದುಕೊಂಡಿದ್ದೆ. ಕಬ್ಬನ್ ಪ್ರತಿಮೆಯ ಫೋಟೋ ನೋಡಿದಾಗ ಮಾತ್ರ ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು. ನಮ್ಮಪ್ಪ ಹೈಕೋರ್ಟಿನಲ್ಲಿ ಗುಮಾಸ್ತರಾಗಿದ್ದರು. ಚಿಕ್ಕವಳಿದ್ದಾಗ ಭಾನುವಾರಗಳಲ್ಲಿ ನಮ್ಮನ್ನು ಕಬ್ಬನ್ ಪಾರ್ಕಿಗೆ ಕರೆದೊಯ್ದು, ಕೆಂಪು ಬಣ್ಣದ ಅಠಾರಾ ಕಚೇರಿಯ ಮುಂದೆ ನಿಲ್ಲಿಸಿ, 'ಈ ದೊರೆ ಒಳ್ಳೆಯವನು, ತಿಳೀತಾ? ಲಂಚ ತಿಂದವನಲ್ಲ' ಎನ್ನುತ್ತಿದ್ದರು. ಅಪ್ಪನ ನಿಘಂಟಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಹಾಗಾದರೆ ನನ್ನ ನ್ಯಾಯ ಎಂಥದು? ಬೇರೆಯವರ ಊರಿನ ಪ್ರತಿಮೆ ಬಿದ್ದರೆ ಚರಿತ್ರೆಯ ತಿದ್ದುಪಡಿ, ನನ್ನ ಬಾಲ್ಯದ ಪ್ರತಿಮೆ ಜರುಗಿದರೆ ಸಂಕಟ. ಈ ಪ್ರಶ್ನೆ ಆವತ್ತಿನಿಂದ ನನ್ನನ್ನು ಬಿಟ್ಟಿಲ್ಲ. ಅದನ್ನೇ ಇಲ್ಲಿ ಬಿಡಿಸಲು ನೋಡುತ್ತೇನೆ.

ಮೊದಲು ಆ ಮನುಷ್ಯನ ಕತೆ. ಮಾರ್ಕ್ ಕಬ್ಬನ್ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದವನು, ಪಾದ್ರಿಯೊಬ್ಬರ ಮಗ. 1800ರಲ್ಲಿ, ಅಂದರೆ ಟಿಪ್ಪು ಸತ್ತ ಮರುವರ್ಷ, ಕಂಪನಿಯ ಮದರಾಸು ಸೈನ್ಯಕ್ಕೆ ಕೆಡೆಟ್ ಆಗಿ ಬಂದ. ಅವನ ಸೋದರಮಾವ ಮಾರ್ಕ್ ವಿಲ್ಕ್ಸ್ ಮೈಸೂರಿನ ರೆಸಿಡೆಂಟ್ ಆಗಿದ್ದವನು, ದಕ್ಷಿಣ ಭಾರತದ ಚರಿತ್ರೆ ಬರೆದವನು. ಕೆಲಸಕ್ಕೆ ಮಾವನ ಶಿಫಾರಸು, ನಿಧಾನವಾದ ಬಡ್ತಿ, ಸೈನ್ಯದ ಸರಬರಾಜು ಇಲಾಖೆಯ ಲೆಕ್ಕಪತ್ರ. ನಮ್ಮಲ್ಲಿ ಅನೇಕರ ನೌಕರಿಯ ಕತೆಗಿಂತ ಇದೇನೂ ಬೇರೆಯಲ್ಲ.

1830ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು. ತೆರಿಗೆಯ ಭಾರ, ಅಮಲ್ದಾರರ ಕಾಟ ಎರಡೂ ಮಿತಿ ಮೀರಿದ್ದವು. ದಂಗೆಯನ್ನು ಸೈನ್ಯ ಬಳಸಿ ಅಡಗಿಸಲಾಯಿತು. 1831ರಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ತೆಗೆದುಕೊಂಡ. ದಂಗೆಯ ಕಾರಣಗಳ ವಿಚಾರಣೆಗೆ ನೇಮಿಸಿದ ಸಮಿತಿಯಲ್ಲಿ ಕಬ್ಬನ್ ಒಬ್ಬ ಸದಸ್ಯ. 1834ರಲ್ಲಿ ಅವನೇ ಮೈಸೂರಿನ ಕಮಿಷನರ್ ಆದ. 1861ರವರೆಗೆ, 27 ವರ್ಷ, ಆ ಕುರ್ಚಿಯಲ್ಲಿ ಕೂತ. ಅಷ್ಟರಲ್ಲಿ ಲೆಫ್ಟಿನೆಂಟ್ ಜನರಲ್ ಆದ, 'ಸರ್' ಆದ. ಮದುವೆಯಾಗಲಿಲ್ಲ. ರಾಜಧಾನಿಯ ಕಚೇರಿಗಳನ್ನು ಬೆಂಗಳೂರಿಗೆ ತಂದ. ತನ್ನ ವಾಸಕ್ಕೆ ಕಟ್ಟಿಸಿಕೊಂಡ ಬಂಗಲೆಯೇ ಈಗಿನ ನಮ್ಮ ರಾಜಭವನ.

ಅವನ ಕೆಲಸವೇನೂ ಸಣ್ಣದಲ್ಲ. ಅವನ ಕಾಲದಲ್ಲಿ 769 ಬಗೆಯ ಚಿಲ್ಲರೆ ತೆರಿಗೆಗಳು ರದ್ದಾದವು. ಆ ತೆರಿಗೆಗಳ ಪಟ್ಟಿ ಓದಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೆ ತೆರಿಗೆ. ಒಂದು ಊರಿನವರು ತೆರಿಗೆ ಕೊಡಬೇಕಾಗಿದ್ದುದು, ಅವರ ಪೂರ್ವಜರು ಪಾಳೇಗಾರನ ಕಳೆದುಹೋದ ಕುದುರೆಯನ್ನು ಹುಡುಕಿಕೊಡಲಿಲ್ಲ ಎಂಬ ಕಾರಣಕ್ಕೆ. ನಗರ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿಕೊಳ್ಳದೆ ನಡೆದವರು ದುಡ್ಡು ತೆರಬೇಕಿತ್ತಂತೆ. ಇವೆಲ್ಲ ಹೋದವು. ಸುಮಾರು 1,600 ಮೈಲಿ ರಸ್ತೆ ಆಯಿತು, 300ಕ್ಕೂ ಹೆಚ್ಚು ಸೇತುವೆಗಳಾದವು. ಬೆಂಗಳೂರಿನಿಂದ ಜೋಲಾರ್‌ಪೇಟೆಗೆ ರೈಲು ಹಳಿ ಹಾಕುವ ಕೆಲಸ ಶುರುವಾಯಿತು. ಕಚೇರಿಯ ವ್ಯವಹಾರ ಕನ್ನಡ ಮತ್ತು ಮರಾಠಿಯಲ್ಲೇ ಮುಂದುವರಿಯಿತು. 1860ರಲ್ಲಿ ಮೈಸೂರನ್ನು ಮದರಾಸು ಸರ್ಕಾರದ ಕೈಕೆಳಗೆ ಹಾಕಲು ಮೇಲಿನವರು ಹೊರಟಾಗ ಮಹಾರಾಜರು ಪ್ರತಿಭಟಿಸಿದರು, ಕಬ್ಬನ್ ಕೂಡ ಒಪ್ಪಲಿಲ್ಲ. ಆ ಯೋಜನೆ ಬಿತ್ತು. ಮರುವರ್ಷ ಕಾಯಿಲೆಯಿಂದ ಸೊರಗಿದ ಮುದುಕ ರಾಜೀನಾಮೆ ಕೊಟ್ಟು ಹಡಗು ಹತ್ತಿದ. ತನ್ನ ಊರು ಮುಟ್ಟಲಿಲ್ಲ. 1861ರ ಏಪ್ರಿಲಿನಲ್ಲಿ ದಾರಿಯ ಮಧ್ಯೆ, ಸೂಯೆಜ್‌ನಲ್ಲಿ ಸತ್ತ. ದೇಹ ಮಾತ್ರ ದ್ವೀಪ ಸೇರಿತು.

ಇಲ್ಲಿಗೆ ಬಂದಾಗ ನನ್ನಂಥ ಅನಿವಾಸಿಗೆ ಗಂಟಲು ಕಟ್ಟುತ್ತದೆ. 'ರಿಟೈರ್ ಆದಮೇಲೆ ವಾಪಸ್ ಹೋಗ್ತೀವಿ' ಎಂದು ಮೂವತ್ತು ವರ್ಷಗಳಿಂದ ಹೇಳುತ್ತಾ ಬಂದವರು ನಾವು. ಆದರೆ ಗಂಟಲು ಕಟ್ಟುವುದು ವಾದವಲ್ಲ. ಊರಿಗೆ ಮರಳಲಾಗದ ಅವನ ದುಃಖ ನಿಜ. ಅವನು ನಮ್ಮೂರಿಗೆ ಬಂದದ್ದು ನಾನು ಇಲ್ಲಿಗೆ ಬಂದ ಹಾಗಲ್ಲ ಎನ್ನುವುದೂ ಅಷ್ಟೇ ನಿಜ. ನಾನು ಅರ್ಜಿ ಹಾಕಿ, ಸಾಲಿನಲ್ಲಿ ನಿಂತು, ವೀಸಾ ಪಡೆದು ಬಂದೆ. ಅವನು ಗೆದ್ದವರ ಕಡೆಯಿಂದ ಬಂದ.

ಹಾಗಾದರೆ ಅವನಿಗೆ ನಾವು ಕೃತಜ್ಞರಾಗಿರಬೇಕೆ? ಸಾಮಾನ್ಯವಾಗಿ ಸಿಗುವ ಉತ್ತರಗಳು ಮೂರು.

ಒಂದು, 'ಹೌದು, ಒಳ್ಳೆಯದನ್ನು ಮಾಡಿದವರನ್ನು ನೆನೆಯಬೇಕು, ಅದು ನಮ್ಮ ಸಂಸ್ಕೃತಿ.' ಉಂಡ ಮನೆಗೆ ಎರಡು ಬಗೆಯಬಾರದು ಎನ್ನುವ ನಾಡು ನಮ್ಮದು. ಆದರೆ ಇಲ್ಲಿ ಉಂಡವರು ಯಾರು? ಕಬ್ಬನ್ ಸಾಹೇಬರ ಸಂಬಳ, ರಸ್ತೆಯ ಕಲ್ಲು, ಸೇತುವೆಯ ಗಾರೆ ಎಲ್ಲವೂ ಮೈಸೂರಿನ ರೈತ ಕಟ್ಟಿದ ಕಂದಾಯದಿಂದ ಬಂದದ್ದು. ಲೆಕ್ಕ ನೋಡಿ. 1799ರ ಒಪ್ಪಂದದಂತೆ ಮೈಸೂರು ಕಂಪನಿಗೆ ವರ್ಷಕ್ಕೆ 7 ಲಕ್ಷ ಪಗೋಡ, ಅಂದರೆ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಕೊಡಬೇಕಿತ್ತು. ಕಮಿಷನರ ಆಡಳಿತ ಶುರುವಾದಾಗ ಸಂಸ್ಥಾನದ ಆದಾಯ ಸುಮಾರು 44 ಲಕ್ಷ. ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಹೋಯಿತು. ಕಬ್ಬನ್ ಹೋಗುವ ಹೊತ್ತಿಗೆ ಆದಾಯ 82 ಲಕ್ಷದ ಹತ್ತಿರ ಬಂದಿತ್ತು. ಇದನ್ನು ಅವನ ದಕ್ಷತೆ ಎಂದು ಹೊಗಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಬೆಂಟಿಂಕ್ ರಾಜ್ಯವನ್ನು ವಶಕ್ಕೆ ತೆಗೆದುಕೊಂಡದ್ದು ಒಪ್ಪಂದದ ಯಾವ ಕಲಮಿನ ಆಧಾರದ ಮೇಲೆ ಗೊತ್ತೆ? ಕಪ್ಪಕಾಣಿಕೆಯ ಹಣಕ್ಕೆ ಭಂಗ ಬರಬಹುದು ಎಂಬ ಭಯ ಹುಟ್ಟಿದರೆ ಆಡಳಿತ ತೆಗೆದುಕೊಳ್ಳಬಹುದು ಎಂಬ ಕಲಮು. ಅಂದಮೇಲೆ ಒಳ್ಳೆಯ ಆಡಳಿತವೂ ಮೊದಲು ಯಾರ ಪೆಟ್ಟಿಗೆಯನ್ನು ಭದ್ರ ಮಾಡಿತು ಎಂದು ಕೇಳಲೇಬೇಕು. ಉಪ್ಪಿನ ಋಣದ ಮಾತಾದರೆ, ಮೈಸೂರಿನ ಉಪ್ಪನ್ನು ತಿಂದವನು ಕಬ್ಬನ್. ಋಣ ತೀರಿಸಬೇಕಾಗಿದ್ದವನು ಅವನು, ಒಂದಷ್ಟು ತೀರಿಸಿದ ಕೂಡ.

ಎರಡನೆಯ ಉತ್ತರ, 'ಇಲ್ಲ, ದಬ್ಬಾಳಿಕೆಯ ಗಾಡಿಗೆ ಎಣ್ಣೆ ಬಿಟ್ಟವರೆಲ್ಲ ಒಂದೇ.' ಈ ಮಾತಿಗೂ ಬಲವಿದೆ. 1834ರಲ್ಲಿ ಕಂಪನಿಯ ವಶವಾದ ಕೊಡಗು ಕೂಡ ಮೈಸೂರು ಕಮಿಷನರ ಮೇಲ್ವಿಚಾರಣೆಯಲ್ಲಿತ್ತು. 1837ರಲ್ಲಿ ಅಮರ ಸುಳ್ಯದ ರೈತರು ಬಂಡೆದ್ದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ನೇಣಿಗೆ ಹಾಕಿದರು. ರಸ್ತೆ ಸೇತುವೆಗಳ ಲೆಕ್ಕ ಬರೆದ ಪುಟದಲ್ಲಿ ಈ ನೇಣಿನ ಲೆಕ್ಕವನ್ನೂ ಬರೆಯಬೇಕು. ಆದರೂ ಎಲ್ಲರೂ ಒಂದೇ ಎಂದರೆ, ಪ್ರಾಮಾಣಿಕವಾಗಿರುವುದಕ್ಕೂ ಲಂಚ ತಿನ್ನುವುದಕ್ಕೂ, ಜನರ ಭಾಷೆಯನ್ನು ಉಳಿಸುವುದಕ್ಕೂ ಅಳಿಸುವುದಕ್ಕೂ ವ್ಯತ್ಯಾಸವೇ ಇಲ್ಲ ಎಂದಂತಾಗುತ್ತದೆ. ಕೆಟ್ಟ ವ್ಯವಸ್ಥೆಯೊಳಗೆ ಕೂತು ಒಳ್ಳೆಯ ನಿರ್ಧಾರ ಮಾಡಬೇಕಾದ ಸಂದರ್ಭ ನಮಗೆಲ್ಲ ದಿನಾ ಬರುತ್ತದೆ. 'ಹೇಗಿದ್ದರೂ ಎಲ್ಲ ಒಂದೇ' ಎಂಬ ಮಾತು ಅಂಥ ಹೊತ್ತಿನಲ್ಲಿ ಸೋಮಾರಿತನಕ್ಕೆ ಸಿಗುವ ಪರವಾನಗಿ.

ಮೂರನೆಯದು ಎಲ್ಲರೂ ಇಷ್ಟಪಡುವ ಉತ್ತರ: 'ಅವನು ಅವನ ಕಾಲದ ಮನುಷ್ಯ. ಇವತ್ತಿನ ಅಳತೆಗೋಲಿನಿಂದ ಅಳೆಯಬೇಡಿ.' ಇದು ವಿವೇಕದ ಮಾತಿನಂತೆ ಕಾಣುತ್ತದೆ. ಆದರೆ ನಗರದ ರೈತರೂ ಅದೇ ಕಾಲದ ಮನುಷ್ಯರೇ. ತಮ್ಮನ್ನು ಕೇಳದೆ ತಮ್ಮ ಮೇಲೆ ಆಳುವುದು ಅನ್ಯಾಯ ಎಂದು ಅವರಿಗೆ ಹೊಳೆದಿತ್ತು. ಮೈಸೂರಿನ ಅರಮನೆಯಲ್ಲಿ ಕೂತು ಮುಮ್ಮಡಿಯವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ 'ನನ್ನ ರಾಜ್ಯವನ್ನು ನನಗೆ ಕೊಡಿ' ಎಂದು ಪತ್ರ ಬರೆದರು. ಸ್ವತಃ ಬೆಂಟಿಂಕ್‌ಗೂ ವಿಚಾರಣಾ ಸಮಿತಿಯ ವರದಿ ಬಂದ ಮೇಲೆ ಅನುಮಾನ ಹುಟ್ಟಿತು. ರಾಜ್ಯದ ಬಹುಭಾಗವನ್ನು ರಾಜರಿಗೆ ಹಿಂತಿರುಗಿಸೋಣ ಎಂದು ಸೂಚಿಸಿದ, ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ. ಅಂದರೆ ಪ್ರಶ್ನೆ ಆ ಕಾಲದಲ್ಲೇ ಇತ್ತು. 'ಕಾಲದ ಮನುಷ್ಯ' ಎನ್ನುವಾಗ ನಾವು ಆ ಕಾಲದ ಮನುಷ್ಯರಲ್ಲಿ ಗೆದ್ದವರನ್ನು ಮಾತ್ರ ಎಣಿಸುತ್ತೇವೆ.

ಈ ಮೂರು ಉತ್ತರಗಳಲ್ಲಿ ಸುತ್ತುತ್ತಿದ್ದ ನನ್ನನ್ನು ಹೊರಗೆ ಎಳೆದದ್ದು ಪುಸ್ತಕವಲ್ಲ, ಅಮ್ಮ.

ಅಪ್ಪ 2014ರಲ್ಲಿ ತೀರಿಕೊಂಡರು. ಅಮ್ಮ ಹನುಮಂತನಗರದ ಮನೆಯಲ್ಲಿ ಒಬ್ಬಳೇ ಉಳಿದಳು. ಹಾಲಿನವನಿಗೆ ಎರಡು ಸಲ ದುಡ್ಡು ಕೊಡುತ್ತಿದ್ದಳು, ಗ್ಯಾಸ್ ಆರಿಸಲು ಮರೆಯುತ್ತಿದ್ದಳು, ಯಾವುದೋ ಚೀಟಿಯಲ್ಲಿ ಮೂವತ್ತು ಸಾವಿರ ಕಳೆದುಕೊಂಡಳು. ನಾನು ಹೆದರಿದೆ. ಹೆದರಿದವಳು ಏನು ಮಾಡಿದೆ? ಆಡಳಿತ ವಹಿಸಿಕೊಂಡೆ. ಒಂದು ಡಿಸೆಂಬರಿನಲ್ಲಿ ಮೂರು ವಾರ ರಜೆ ಹಾಕಿ ಹೋಗಿ, ಪವರ್ ಆಫ್ ಅಟಾರ್ನಿ ಮಾಡಿಸಿದೆ. ಬ್ಯಾಂಕ್ ಖಾತೆ ನನ್ನ ಫೋನಿಗೆ ಬಂತು. ಬಚ್ಚಲಿಗೆ ಜಾರದ ಟೈಲ್ಸ್, ಹಿಡಿದುಕೊಳ್ಳಲು ಸ್ಟೀಲ್ ಕಂಬಿ, ಹಾಲಿನಲ್ಲಿ ಕ್ಯಾಮೆರಾ. ಇಪ್ಪತ್ತು ವರ್ಷದಿಂದ ಅಡುಗೆಗೆ ಬರುತ್ತಿದ್ದ ಹೆಂಗಸನ್ನು ಬಿಡಿಸಿದೆ, ಸಾಮಾನು ಸೋರಿಹೋಗುತ್ತಿದೆ ಎಂಬ ಗುಮಾನಿ ನನಗೆ. ಬದಲಿಗೆ ಏಜೆನ್ಸಿಯಿಂದ ತರಬೇತಾದ ಹುಡುಗಿಯನ್ನು ಗೊತ್ತುಮಾಡಿದೆ. ಹಿತ್ತಲಿನ ಹಳೆಯ ಕರಿಬೇವಿನ ಮರ ಚರಂಡಿಗೆ ಬೇರು ಬಿಡುತ್ತಿತ್ತು, ಕಡಿಸಿದೆ. ಎಲ್ಲವೂ ಅಚ್ಚುಕಟ್ಟಾಯಿತು. ಖರ್ಚು ಕಡಿಮೆಯಾಯಿತು, ಅಮ್ಮನ ರಕ್ತದೊತ್ತಡ ಹತೋಟಿಗೆ ಬಂತು. ವಾಲ್ನಟ್ ಕ್ರೀಕಿನಲ್ಲಿ ಕೂತು ತಿಂಗಳ ಲೆಕ್ಕವನ್ನು ಎಕ್ಸೆಲ್ ಶೀಟಿನಲ್ಲಿ ನೋಡುವಾಗ ನನಗೆ ಹೆಮ್ಮೆಯೇ ಆಗುತ್ತಿತ್ತು.

2019ರಲ್ಲಿ ಹೋದಾಗ ಒಂದು ಸಂಜೆ ಅಮ್ಮನ ಜೊತೆ ವರಾಂಡದಲ್ಲಿ ಕೂತಿದ್ದೆ. 'ಈಗ ಎಲ್ಲಾ ಆರಾಮಾಗಿದೆ ಅಲ್ವಾಮ್ಮ?' ಎಂದೆ. ಹೊಗಳಿಕೆಗೆ ಕೈ ಚಾಚಿದ ಪ್ರಶ್ನೆ ಅದು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: 'ಎಲ್ಲಾ ಚೆನ್ನಾಗೇ ಇದೆ ಕಣೇ. ನನ್ನನ್ನ ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ.'

ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಎಷ್ಟು ರಜೆ, ಎಷ್ಟು ದುಡ್ಡು, ರಾತ್ರಿ ಎರಡು ಗಂಟೆಗೆ ಎದ್ದು ಎಷ್ಟು ಫೋನು! ಬಚ್ಚಲಲ್ಲಿ ಜಾರಿ ಬಿದ್ದಿದ್ದರೆ? ಚೀಟಿಯಲ್ಲಿ ಇನ್ನೂ ಕಳೆದುಕೊಂಡಿದ್ದರೆ? ಒಂದೊಂದಾಗಿ ಎಲ್ಲವನ್ನೂ ಹೇಳಿದೆ. ಅಮ್ಮ ಯಾವುದನ್ನೂ ಅಲ್ಲಗಳೆಯಲಿಲ್ಲ. ಅಲ್ಲಗಳೆಯುವ ಅಗತ್ಯವೂ ಅವಳಿಗಿರಲಿಲ್ಲ. ನಾನು ಉತ್ತರಿಸುತ್ತಿದ್ದದ್ದು 'ಕೆಲಸ ಒಳ್ಳೆಯದಾಯಿತೆ?' ಎಂಬ ಪ್ರಶ್ನೆಗೆ. ಅವಳು ಕೇಳಿದ್ದು 'ಮಾಡಲು ನೀನು ಯಾರು?' ಎಂಬ ಪ್ರಶ್ನೆಯನ್ನು. ಮೊದಲನೆಯದಕ್ಕೆ ಎಷ್ಟೇ ಚೆನ್ನಾಗಿ ಉತ್ತರ ಕೊಟ್ಟರೂ ಎರಡನೆಯದು ಹಾಗೇ ಉಳಿಯುತ್ತದೆ.

ಹೋಲಿಕೆ ಅತಿಯಾಯಿತು ಎಂದು ನೀವು ಹೇಳಬಹುದು. ಮಗಳ ಕಾಳಜಿ ಎಲ್ಲಿ, ಸಾಮ್ರಾಜ್ಯ ಎಲ್ಲಿ? ಒಪ್ಪುತ್ತೇನೆ. ನಾನು ಅಮ್ಮನಿಂದ ಕಪ್ಪ ಪಡೆಯಲಿಲ್ಲ, ಯಾರನ್ನೂ ನೇಣಿಗೆ ಹಾಕಲಿಲ್ಲ. ಅಮ್ಮನಿಗೆ ನನ್ನನ್ನು ಬೈಯುವ ಅಧಿಕಾರವಿತ್ತು, ನಗರದ ರೈತನಿಗೆ ಕಮಿಷನರನ್ನು ಬೈಯುವ ಅಧಿಕಾರವಿರಲಿಲ್ಲ. ಆದರೆ ಅಷ್ಟು ಪ್ರೀತಿ ಇದ್ದ ಕಡೆಯೇ, ಅಷ್ಟು ಸಣ್ಣ ಅಧಿಕಾರವೇ ನನ್ನನ್ನು ಹೀಗೆ ಕುರುಡಾಗಿಸಿತಲ್ಲ, ಪ್ರೀತಿಯ ಹಂಗೂ ಇಲ್ಲದ ದೊಡ್ಡ ಅಧಿಕಾರ ಏನು ಮಾಡೀತು ಎಂಬುದು ಆವತ್ತು ನನಗೆ ಒಳಗಿನಿಂದ ತಿಳಿಯಿತು. ಇಬ್ಬರೂ ಮಾಡಿದ ತಪ್ಪಿನ ಬೇರು ಒಂದೇ: ಫಲ ಚೆನ್ನಾಗಿದೆ, ಆದ್ದರಿಂದ ಹಕ್ಕು ನನ್ನದು ಎಂದುಕೊಳ್ಳುವುದು.

ಹಾಗೆ ನೋಡಿದರೆ ಸೆರ್ರಾ ಅವರ ಪರವಾಗಿ ಮಾತಾಡುವವರೂ ಇದನ್ನೇ ಹೇಳುತ್ತಾರೆ. ಮಿಷನ್ನುಗಳು ಇಲ್ಲಿನ ಮೂಲನಿವಾಸಿಗಳಿಗೆ ಬೇಸಾಯ ಕಲಿಸಿದವು, ಕಸುಬು ಕಲಿಸಿದವು ಎನ್ನುತ್ತಾರೆ. ನಾನಿರುವ ಈ ಕಣಿವೆ ಬೇ ಮಿವೊಕ್ ಜನರದು, ಅದರಲ್ಲೂ ಸಕ್ಲಾನ್ ಪಂಗಡದವರದು. ಸ್ಪೇನಿನವರು ಈ ಹಳ್ಳಕ್ಕೆ ಅರೋಯೋ ದೆ ಲಾಸ್ ನುವೇಸೆಸ್ ಎಂದು ಹೆಸರಿಟ್ಟರು, ಅಮೆರಿಕನ್ನರು ಅದನ್ನು ವಾಲ್ನಟ್ ಕ್ರೀಕ್ ಎಂದರು. ಎರಡಕ್ಕೂ ಅರ್ಥ ಒಂದೇ. ಸಕ್ಲಾನರು ಇದನ್ನು ಏನೆಂದು ಕರೆಯುತ್ತಿದ್ದರೋ ಅದು ನನ್ನ ಬೀದಿಯ ಯಾವ ಫಲಕದಲ್ಲೂ ಇಲ್ಲ. ಅವರನ್ನೂ ಯಾರೂ ಒಂದು ಮಾತು ಕೇಳಿರಲಿಲ್ಲ. ಸೆರ್ರಾ ವಿಷಯದಲ್ಲಿ ನನಗೆ ಸುಲಭವಾಗಿ ಕಂಡದ್ದು ಕಬ್ಬನ್ ವಿಷಯದಲ್ಲಿ ಕಾಣದೆ ಹೋದದ್ದಕ್ಕೆ ಕಾರಣ ಅಪ್ಪನ ಬೆರಳು. ಆ ಬೆರಳು ಹಿಡಿದೇ ನಾನು ಆ ಪ್ರತಿಮೆಯನ್ನು ಮೊದಲು ನೋಡಿದ್ದು.

ಈಗ ನನಗೆ ತೋರುವುದು ಇಷ್ಟು. ಇಂಥವರ ವಿಷಯದಲ್ಲಿ ಎರಡು ಖಾತೆ ಇಡಬೇಕು, ಒಂದರ ಜಮೆಯಿಂದ ಇನ್ನೊಂದರ ಬಾಕಿಯನ್ನು ತೀರಿಸಬಾರದು. ಮೊದಲನೆಯ ಖಾತೆ ಮನುಷ್ಯನದು. ಕಬ್ಬನ್ ಬೇರೆ ರೀತಿ ಇರಬಹುದಿತ್ತು. ಆ 769 ತೆರಿಗೆಗಳನ್ನು ಹಾಗೇ ಬಿಟ್ಟು ಗಂಟು ಕಟ್ಟಿಕೊಂಡು ಹೋಗಬಹುದಿತ್ತು, ಹಾಗೆ ಹೋದವರು ಬೇಕಾದಷ್ಟು ಮಂದಿ. ಅವನು ಹಾಗೆ ಮಾಡಲಿಲ್ಲ. ಅದಕ್ಕೆ ಅವನನ್ನು ಗೌರವಿಸಲು ನನಗೆ ಸಂಕೋಚವಿಲ್ಲ. ಎರಡನೆಯ ಖಾತೆ ಅಧಿಕಾರದ್ದು. ಅಲ್ಲಿ 1,600 ಮೈಲಿ ರಸ್ತೆಯನ್ನು ತಂದು ಸುರಿದರೂ ಬಾಕಿ ಒಂದು ಕಾಸು ಕಡಿಮೆಯಾಗುವುದಿಲ್ಲ. ಯಾಕೆಂದರೆ ಆ ಬಾಕಿ ರಸ್ತೆಯದಲ್ಲ, ಕೇಳದೇ ಹೋದ ಮಾತಿನದು. ಪ್ರತಿಮೆ ಎನ್ನುವ ವಸ್ತುವಿನ ತೊಂದರೆಯೇ ಇದು. ಕಂಚಿನಲ್ಲಿ ಎರಕ ಹೊಯ್ದು ಕುದುರೆಯ ಮೇಲೆ ಕೂರಿಸಿದರೆ ಎರಡು ಖಾತೆಯೂ ಸೇರಿ ಒಂದಾಗಿಬಿಡುತ್ತದೆ. ನ್ಯಾಯಾಲಯದ ಆವರಣದಲ್ಲಿ ಅಂಥದೊಂದು ಇರಬೇಕೆ ಎಂಬ ಪ್ರಶ್ನೆ ಅಪ್ರಸ್ತುತವಲ್ಲ. ಅವನ ಹೆಸರಿನ ಪಾರ್ಕಿನ ಮರಗಳ ನಡುವೆ, ವಾಕಿಂಗ್ ಬಂದವರ ಪಕ್ಕದಲ್ಲಿ ಅವನು ನಿಂತರೆ ನನಗೀಗ ಹೊಟ್ಟೆ ಕಲಸುವುದಿಲ್ಲ. 1927ರಲ್ಲಿ ಆ ಪಾರ್ಕಿಗೆ ಚಾಮರಾಜೇಂದ್ರರ ಹೆಸರಿಟ್ಟರು. ಜನ ಇವತ್ತಿಗೂ ಕಬ್ಬನ್ ಪಾರ್ಕ್ ಎಂದೇ ಕರೆಯುತ್ತಾರೆ. ಅದನ್ನು ಯಾರೂ ಹೇಳಿ ಮಾಡಿಸಿದ್ದಲ್ಲ. ಆ ಕೃತಜ್ಞತೆ ಸಾಕು.

ಹಿಂತಿರುಗಿಸುವ ಮಾತು ಉಳಿಯಿತು. 1881ರ ಮಾರ್ಚ್ 25ರಂದು ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಮರಳಿಸಿದರು. ಕೇಳಿ ಕೇಳಿ ಬೇಸತ್ತ ಮುಮ್ಮಡಿಯವರು ಅಷ್ಟರಲ್ಲಿ ತೀರಿಹೋಗಿ ಹದಿಮೂರು ವರ್ಷವಾಗಿತ್ತು, ಪಡೆದದ್ದು ಅವರ ದತ್ತುಮಗ. ಮರಳಿಸುವ ಪತ್ರದ ತುಂಬ ಷರತ್ತುಗಳು. ಕಪ್ಪವನ್ನು 35 ಲಕ್ಷಕ್ಕೆ ಏರಿಸುವ ಕರಾರೂ ಅದರಲ್ಲಿತ್ತು. ಕೊಟ್ಟರು, ಆದರೆ ಹಗ್ಗದ ತುದಿಯನ್ನು ಕೈಯಲ್ಲೇ ಇಟ್ಟುಕೊಂಡು ಕೊಟ್ಟರು.

ನಾನು ಮಾಡಿದ್ದೂ ಅದನ್ನೇ. ಆ ಸಂಜೆಯ ನಂತರ ಚೆಕ್ ಪುಸ್ತಕವನ್ನು ಅಮ್ಮನ ಕೈಗೆ ಕೊಟ್ಟೆ, ಕ್ಯಾಮೆರಾ ಬೇಡವೆಂದಳು, ತೆಗೆಸಿದೆ. ಬ್ಯಾಂಕಿನ ಪಾಸ್‌ವರ್ಡ್ ಮಾತ್ರ ನನ್ನ ಫೋನಿನಲ್ಲೇ ಉಳಿಯಿತು. 'ಯಾವುದಕ್ಕೂ ಇರಲಿ' ಅಂದುಕೊಂಡೆ. ಷರತ್ತಿನ ಕರಾರುಗಳನ್ನೆಲ್ಲ ಬರೆಯಿಸುವುದು ಆ 'ಯಾವುದಕ್ಕೂ ಇರಲಿ' ಎಂಬ ಎರಡು ಪದಗಳೇ.

ಅಮ್ಮ ಮಾಡಿದ ಮೊದಲ ಕೆಲಸ, ಏಜೆನ್ಸಿಯ ಹುಡುಗಿಯನ್ನು ಕಳಿಸಿ ಹಳೆಯ ಅಡುಗೆಯಾಕೆಯನ್ನು ಮರಳಿ ಕರೆಸಿಕೊಂಡದ್ದು. ಕೊರೊನಾ ಬಂದು ವಿಮಾನಗಳೆಲ್ಲ ನಿಂತಾಗ, ಆ ಹೆಂಗಸು ತಿಂಗಳುಗಟ್ಟಲೆ ನಮ್ಮ ಮನೆಯಲ್ಲೇ ಉಳಿದು ಅಮ್ಮನನ್ನು ನೋಡಿಕೊಂಡಳು. ಇದನ್ನು ಅಮ್ಮನ ನಿರ್ಧಾರವೇ ಸರಿಯಾಗಿತ್ತು ಎಂದು ಸಾಧಿಸಲು ಹೇಳುತ್ತಿಲ್ಲ. ಸಾಮಾನು ಸೋರಿಹೋಗುವುದು ಈಗಲೂ ಇದೆ, ಅಮ್ಮನಿಗೂ ಅದು ಗೊತ್ತು. ನಿರ್ಧಾರ ತಪ್ಪಾಗಿದ್ದರೂ ಅದು ಅವಳದ್ದಾಗಿರುತ್ತಿತ್ತು ಎಂಬುದಷ್ಟೇ ಮಾತು. ತಪ್ಪು ಮಾಡುವ ಹಕ್ಕನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ಕೊಟ್ಟರೆ, ಏನನ್ನೂ ಕೊಟ್ಟಂತಾಗುವುದಿಲ್ಲ.

ಕಳೆದ ಸಲ ಹೋದಾಗ ಹಿತ್ತಲಿಗೆ ಒಂದು ಕರಿಬೇವಿನ ಸಸಿ ತಂದೆ. 'ಎಲ್ಲಿ ನೆಡಲಿ?' ಎಂದು ಅಮ್ಮನನ್ನು ಕೇಳಿದೆ. ಮೊದಲಿದ್ದ ಜಾಗವನ್ನೇ ತೋರಿಸಿದಳು, ಆ ಚರಂಡಿಯ ಪಕ್ಕದಲ್ಲೇ. ನನಗೆ ಬಾಯಿ ತುದಿಗೆ ಮಾತು ಬಂತು. ನುಂಗಿಕೊಂಡು ಅಲ್ಲೇ ನೆಟ್ಟೆ. ಪಾಸ್‌ವರ್ಡು? ಅದನ್ನು ಆವತ್ತೇ ಬದಲಾಯಿಸಿ ಒಂದು ಚೀಟಿಯಲ್ಲಿ ಬರೆದು ಅವಳ ಕೈಗೆ ಕೊಟ್ಟೆ. ಅಮ್ಮ ಅದನ್ನು ದೇವರ ಮನೆಯ ಪಂಚಾಂಗದೊಳಗೆ ಇಟ್ಟಳು. ಯಾವ ಪುಟದಲ್ಲಿ ಎಂದು ನಾನು ನೋಡಲು ಹೋಗಲಿಲ್ಲ.